ಸಿಂಗಾಪುರದ ಓದುಗರು ಮತ್ತು ನಮ್ಮಕ್ಕ

ಓದುಗರಿಲ್ಲದಿರುವುದು ಕಷ್ಟವೆಂದು ಬಹಳ ದಿನ ನಂಬಿದ್ದೆ. ಅವರು ಇದ್ದಕ್ಕಿದ್ದಂತೆ ಬಂದುಬಿಡುವುದು ಇನ್ನೂ ಕಷ್ಟವೆಂದು ಈಚೆಗೆ ತಿಳಿಯಿತು. ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಗುಮಾಸ್ತನಾಗಿರುವ ನಾನು, ನಮ್ಮ ಮನೆಯ ರೇಷ್ಮೆ ಹುಳು, ಹಿಪ್ಪುನೇರಳೆ ತೋಟ, ಅಜ್ಜಿಯ ಬೈಗುಳ ಇವನ್ನೆಲ್ಲ ಒಂದು ಬ್ಲಾಗಿನಲ್ಲಿ ಬರೆಯುತ್ತೇನೆ. ದಿನಕ್ಕೆ ಮೂರೋ ನಾಲ್ಕೋ ಜನ ಬರುತ್ತಿದ್ದರು. ಒಂದು ಸೋಮವಾರ ನೋಡಿದರೆ ಎರಡು ಸಾವಿರ, ಅದೂ ಸಿಂಗಾಪುರದಿಂದ! ಒಬ್ಬರೂ ಒಂದು ಸೆಕೆಂಡಿಗಿಂತ ಹೆಚ್ಚು ನಿಂತಿರಲಿಲ್ಲ. ಅಲ್ಲಿಯವರು ಬೇಗ ಓದುತ್ತಾರೆ ಎಂದುಕೊಂಡೆ.

ಅಷ್ಟು ದೂರದಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಲಾದೀತೆ? ಅವರಿಗೆ ಅರ್ಥವಾಗಲೆಂದು ಎಲ್ಲವನ್ನೂ ಬಿಡಿಸಿ ಹೇಳತೊಡಗಿದೆ. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ತಟ್ಟೆ ಎಂದು ಒಂದು ಪ್ಯಾರಾ. ಹುಳು ಜ್ವರಕ್ಕೆ ಹೋಗಿದೆ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುತ್ತಿದೆ, ಗಾಬರಿಯಾಗಬೇಡಿ ಎಂದು ಇನ್ನೊಂದು. ಮುದ್ದೆ ನುಂಗುವ ಕ್ರಮಕ್ಕೆ ಎರಡು. ಪರದೇಶದವರ ಮುಂದೆ ಮನೆಯ ಮಾನ ಹೋಗಬಾರದೆಂದು ಅಜ್ಜಿಯ ಬೈಗುಳವನ್ನೆಲ್ಲ ಕಿತ್ತುಹಾಕಿದೆ.

ಈ ಸಂಭ್ರಮವನ್ನು ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ಶಮೀಮ್ ಮೇಡಂಗೆ ತೋರಿಸಿದೆ. ಅವರು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ಇವರು ಮನುಷ್ಯರೇ ಅಲ್ಲ ಸಾರ್. ಯಂತ್ರಗಳು. ಓದಲ್ಲ, ಸುಮ್ನೆ ಬಾಚ್ಕೊಂಡು ಹೋಗ್ತವೆ" ಎಂದರು. ಯಂತ್ರಕ್ಕೆ ನಮ್ಮ ಅಜ್ಜಿ ಯಾಕೆ ಬೇಕು ಎಂದು ಕೇಳಿದೆ. ಕಲಿಯಲಿಕ್ಕೆ ಇರಬಹುದು, ಕಳ್ಳಗಂಡಿ ಹುಡುಕಲಿಕ್ಕೂ ಇರಬಹುದು ಎಂದರು. ನಮ್ಮ ಅಜ್ಜಿಯಿಂದ ಏನು ಕಲಿತಾವು, ಕಲಿತರೆ ಮುಂದೆ ಯಾರನ್ನು ಬೈದಾವು, ನನಗೆ ತಲೆಬುಡ ತಿಳಿಯಲಿಲ್ಲ. ಮೇಡಂ ಬ್ಲಾಗಿಗೆ ಏನೋ ಒಂದು ಕಾವಲು ಹಾಕಿಕೊಟ್ಟರು. ಸಿಂಗಾಪುರ ಮಾಯವಾಯಿತು. ಆದರೆ ಹಳೆಯ ಮೂರು ನಾಲ್ಕು ಜನರೂ ಕಾಣಲಿಲ್ಲ.

ದುಃಖ ಹೇಳಿಕೊಳ್ಳಲು ಪೆರೇಸಂದ್ರದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳು ನನ್ನ ಬ್ಲಾಗು ಓದುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಕಾವಲು ನಿನ್ನನ್ನೂ ತಡೆಯಿತೇ ಎಂದು ಕೇಳಿದೆ.

"ಯಾರೂ ತಡೀಲಿಲ್ಲ ಕಣಪ್ಪ, ನಾನೇ ಬಿಟ್ಟೆ. ನಿನಗಿಂತ ಮೊದ್ಲು ಚಂದ್ರಿಕೆ ಹೊತ್ತೋಳು ನಾನು, ನನಗೇ ಪಾಠ ಹೇಳ್ತೀಯಾ? ಅಜ್ಜಿ ಬೈಯೋದು ಕೇಳಿದಂಗಾಗ್ತಿತ್ತು ಅಂತ ದಿನಾ ಬರ್ತಿದ್ದೆ. ಅದನ್ನೂ ತೆಗೆದಾಕ್ಬಿಟ್ಟೆ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅವತ್ತೇ ಕೂತು ವಿವರಣೆಯನ್ನೆಲ್ಲ ಅಳಿಸಿ, ಬೈಗುಳವನ್ನು ಒಂದೂ ಬಿಡದೆ ವಾಪಸು ಸೇರಿಸಿದೆ. ಆಮೇಲೆ ಅಕ್ಕ ಬರುವುದನ್ನು ಕಾಯುತ್ತಾ ಕುಳಿತೆ.

ವಾರದ ಮೇಲೆ ಶಮೀಮ್ ಮೇಡಂ ಚಿಂತೆಯ ಮುಖ ಮಾಡಿಕೊಂಡು ಬಂದರು. ಒಂದು ಯಂತ್ರ ಹೇಗೋ ಇನ್ನೂ ನುಗ್ಗುತ್ತಿದೆಯಂತೆ. ಒಂದೇ ಕಡೆಯಿಂದ ದಿನಕ್ಕೆ ನಲವತ್ತು ಸಲ ಬರುತ್ತದಂತೆ, ಒಂದು ಸಾಲೂ ಓದದೆ ಹೋಗುತ್ತದಂತೆ. "ಶಿಡ್ಲಘಟ್ಟದ್ದೇ ಸಾರ್. ತಡೆದುಬಿಡ್ಲಾ?" ಎಂದರು.

ಪಾಪ, ಇರಲಿ ಬಿಡಿ ಮೇಡಂ ಎಂದೆ. ಅಕ್ಕ ಬಂದಳೇ ಎಂದು ಇಣುಕಿ ಇಣುಕಿ ನೋಡುತ್ತಿದ್ದ ಆ ಯಂತ್ರ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.