ಓ ಅನ್ನುವ ತಂಬೂರಿ

ಹಾಡು ಕೇಳಲು ಕೂತವರು ಬೆವರು ಒರೆಸಿಕೊಳ್ಳುತ್ತ ಏಳುವುದು ನಮ್ಮ ಕೂಟದಲ್ಲಿ ಹೊಸದೇನಲ್ಲ. ನಾನು ವಿಜಯಪುರದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ದೆವ್ವ ಭೂತ ನಂಬುವವನಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ನಾಲ್ಕೈದು ಜನ ಸೇರುತ್ತೇವೆ. ಕೊಳಲು, ವೀಣೆ, ಶಹನಾಯಿಗಳನ್ನು ಕುರಿತ ಹಳೆಯ ಹಾಡು ಹಚ್ಚುವುದು, ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಒಬ್ಬೊಬ್ಬರೂ ಏನನ್ನಿಸಿತೆಂದು ಹೇಳುವುದು. ಹಾಡು ಮುಗಿಯುವ ತನಕ ಯಾರೂ ಪಿಟಕ್ಕೆನ್ನಬಾರದು. ಈ ಕಾಯಿದೆ ನನ್ನದೇ.

೧. ಬೆನ್ನ ಹಿಂದೆ

ಒಮ್ಮೆ ಕೊಳಲಿನ ಹಾಡು ಮುಗಿದರೂ ಬಬಲೇಶ್ವರದಲ್ಲಿ ಊರ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ತಲಾಟಿಯವರು ಕಣ್ಣು ತೆರೆಯಲಿಲ್ಲ. ಮುಖ ಬಿಳಿಚಿತ್ತು. ಆಗಿನಿಂದ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ, ಉಸಿರು ಕುತ್ತಿಗೆಗೆ ತಾಗುತ್ತಿದೆ ಎಂದರು. ನಮಗೂ ಮೈ ಜುಮ್ಮೆಂದಿತು. ಮೆಲ್ಲಗೆ ತಿರುಗಿ ನೋಡಿದರೆ ಚಹಾದ ತಾಟು ಹಿಡಿದು ನನ್ನ ಹೆಂಡತಿ ನಿಂತಿದ್ದಳು.

"ಪಿಟಕ್ಕನ್ನಬಾರದು ಅಂತ ನೀವ ಹೇಳೀರಲ್ರಿ," ಅಂದಳು. "ಚಾ ಆರಿ ನೀರಾಗೇತಿ. ಕುಡೀರಿ."

೨. ಗೋಡೆಯ ಮಾತು

ಇನ್ನೊಮ್ಮೆ ಎಲ್ಲರನ್ನೂ ಬೆಳಗಿನ ಹೊತ್ತು ಗೋಳಗುಮ್ಮಟಕ್ಕೆ ಕರೆದೊಯ್ದೆ. ಬೇರೆ ಜನ ಇನ್ನೂ ಬಂದಿರಲಿಲ್ಲ. ಮೇಲಿನ ಸುತ್ತಿನಲ್ಲಿ ಒಬ್ಬನೇ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಅಕ್ಕಪಕ್ಕ ಯಾರೂ ಇಲ್ಲ. ಅಷ್ಟರಲ್ಲಿ ಕಿವಿಯಲ್ಲೇ ಯಾರೋ ಪಿಸುಗುಟ್ಟಿದರು.

"ಹಾಡು ಚಲೋ ಇರ್ತಾವು. ಆಮ್ಯಾಲ ಮಾಸ್ತರು ತಿಳಿಸಿ ಹೇಳೂದ ಜೀವಾ ತಿಂತೈತಿ."

ಮೈಮೇಲಿನ ಕೂದಲು ನಿಂತವು. ನೋಡಿದರೆ ಗುಮ್ಮಟದ ಆಚೆ ಬದಿಗೆ ತಲಾಟಿಯವರು ಗೋಡೆಗೆ ಮುಖ ಮಾಡಿಕೊಂಡು ಮತ್ತೊಬ್ಬರ ಜೊತೆ ಮಾತಾಡುತ್ತಿದ್ದರು. ಈ ಗೋಡೆ ಪಿಸುಮಾತನ್ನೂ ಆಚೆ ಬದಿಗೆ ಒಯ್ಯುತ್ತದೆ ಎಂದು ಐದು ನಿಮಿಷದ ಹಿಂದಷ್ಟೇ ಅವರಿಗೆ ತಿಳಿಸಿ ಹೇಳಿದ್ದೆ.

೩. ತಿಕೋಟಾದ ಅಜ್ಜಿ

ತಿಕೋಟಾದಿಂದ ಬಸ್ಸು ಹಿಡಿದು ಬರುವ ಅಜ್ಜಿ ಹೆಚ್ಚು ಮಾತಿನವರಲ್ಲ. ತಂಬೂರಿಯ ಹಾಡು ಹಚ್ಚಿದ ದಿನ ಮಾತ್ರ ಅವರೇ ಮೊದಲು ಬಾಯಿಬಿಟ್ಟರು.

"ಮನ್ಯಾಗ ಈ ಹಾಡು ಹಚ್ಚಿದ್ರ ಅವರು ಓ ಅಂತಾರ್ರಿ."

ಅವರೆಂದರೆ ಯಾರೆಂದು ಕೇಳಿದೆ. ಯಜಮಾನರು ಎಂದರು. ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು. ಭಜನೆಯಲ್ಲಿ ತಂಬೂರಿ ಹಿಡಿಯುತ್ತಿದ್ದವರು. ಅಜ್ಜಿ ಈಗಲೂ ಸೋಮವಾರಕ್ಕೊಮ್ಮೆ ಆ ತಂಬೂರಿ ಒರೆಸಿ, ಅವರು ಕಲಿಸಿದ್ದಂತೆ ಶ್ರುತಿ ಮಾಡಿ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಈ ಹಾಡು ಹಚ್ಚಿದರೆ ಸಾಕು, ಯಾರೂ ಮುಟ್ಟದೆ ಅದು ತಾನೇ ದನಿ ಮಾಡುತ್ತದಂತೆ. ಸೊಸೆ ಹೆದರಿ ಹೈರಾಣಾಗಿ, ನಾಳೆಯೇ ಅದನ್ನು ಮಠಕ್ಕೆ ಕೊಟ್ಟುಬಿಡೋಣ ಎಂದು ಹಟ ಹಿಡಿದಿದ್ದಾಳೆ. ಹೇಳುತ್ತ ಅಜ್ಜಿಯ ಕಣ್ಣು ತುಂಬಿದವು. ನನಗೂ ಸಂಕಟವಾಯಿತು.

ತಲಾಟಿಯವರು ಗಂಟಲು ಸರಿಮಾಡಿಕೊಂಡು, ಬರೀ ಓ ಅನ್ನುತ್ತಾರೋ ಮತ್ತೇನಾದರೂ ಕೇಳುತ್ತಾರೋ ಎಂದರು.

"ಚಾ ಕೇಳಿದ್ರ ನನಗೂ ಹೆದರಿಕಿ ಬರ್ತಿತ್ರಿ," ಎಂದರು ಅಜ್ಜಿ.

೪. ಪ್ರಯೋಗ

ಅವತ್ತೇ ತಲಾಟಿಯವರ ಕಾರಿನಲ್ಲಿ ತಿಕೋಟಾಕ್ಕೆ ಹೋದೆವು. ಹೆದರಿಕೆ ಹೋದರೆ ಸೊಸೆ ತಂಬೂರಿಯನ್ನು ಇರಗೊಡುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಫೋನಿನಲ್ಲಿ ಹಾಡು ಹಚ್ಚಿ ಸ್ಪೀಕರಿಗೆ ಕೊಟ್ಟೆ. ಎರಡನೆಯ ಸಾಲಿಗೆ ಮೂಲೆಯಿಂದ ಸಣ್ಣಗೆ ದನಿ ಎದ್ದಿತು. ತಂತಿಯ ಹತ್ತಿರ ಯಾರ ಕೈಯೂ ಇರಲಿಲ್ಲ. ಕಾರಣ ಗೊತ್ತಿದ್ದರೂ ಒಂದು ಹೆಜ್ಜೆ ಹಿಂದೆ ಸರಿದೆ. ಸೊಸೆ ಬಾಗಿಲು ಹಿಡಿದು ನಿಂತಳು.

ಹಾಡಿನ ಶ್ರುತಿಯೂ ತಂತಿಯ ಶ್ರುತಿಯೂ ಒಂದೇ ಆದಾಗ ತಂತಿ ತಾನೇ ಮಿಡಿಯುತ್ತದೆ, ಇದು ಬರೀ ವಿಜ್ಞಾನ ಎಂದು ಅವಳಿಗೆ ತಿಳಿಸಿ ಹೇಳಿದೆ. ತೋರಿಸಲೆಂದು ಫೋನಿನಲ್ಲೇ ಶ್ರುತಿಯನ್ನು ತುಸು ಇಳಿಸಿ ಅದೇ ಹಾಡು ಹಚ್ಚಿದೆ. ತಂಬೂರಿ ಸುಮ್ಮನಿತ್ತು. ಹಾಡು ಮುಗಿಯಿತು. ಆಗಲೂ ಸುಮ್ಮನೆ. ನೋಡಿದಿರಾ, ಅಲ್ಲಿ ಯಾರೂ ಇಲ್ಲ ಎಂದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು.

"ಶ್ರುತಿ ತಪ್ಪಿ ಹಾಡಿದ್ರ ಜೀವಂತ ಇದ್ದಾಗೂ ಅವರು ಓ ಅಂತಿರಲಿಲ್ರಿ, ಸರ."

ಸೊಸೆ ತಂಬೂರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅದು ಖರೇ ಐತ್ರಿ," ಎಂದಳು. "ಮಾವಾರು ಇಲ್ಲೇ ಇರ್ಲಿ ಬಿಡ್ರಿ." ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು, ತಂಬೂರಿಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಚಹಾ ಇಡಲು ಹೋದಳು.