ಇವತ್ತು ನಾನೊಬ್ಬಳೇ

ನುಸಿಗುಳಿಗೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಗಡಿಯಾರದಣ್ಣ ನಿಂತಲ್ಲೇ ಉಸಿರು ಬಿಗಿಹಿಡಿಯುತ್ತಿದ್ದ. ಚಿಕ್ಕಂದಿನಿಂದ ಬಂದ ಅಭ್ಯಾಸ. ಅವನ ಅಪ್ಪ ಅಮ್ಮನಿಗೆ ಐದು ಮಕ್ಕಳು, ಮನೆ ಮಾಲೀಕರಿಗೆ ಹೇಳಿದ್ದು ನಾಲ್ಕು. ಮಾಲೀಕರು ಬಂದಾಗಲೆಲ್ಲ ಐದನೆಯವನಾದ ಇವನನ್ನು ಅಮ್ಮ ಬಟ್ಟೆಯ ಟ್ರಂಕಿನ ಹಿಂದೆ ಕೂರಿಸಿ, ಕೈಗೊಂದು ಬಿಸ್ಕತ್ತು ಕೊಟ್ಟು, "ಕಡೀಬೇಡ, ಚೀಪು" ಎಂದು ಕಿವಿಯಲ್ಲಿ ಹೇಳಿ ಹೋಗುತ್ತಿದ್ದಳು. ಟ್ರಂಕಿನ ಸಂದಿಯಿಂದ ಬರುವ ಆ ವಾಸನೆಯಲ್ಲಿ ಬಿಸ್ಕತ್ತು ಚೀಪುತ್ತ ಕೂತು ಅವನೊಂದು ಶಪಥ ಮಾಡಿದ್ದ. ಮುಂದೆ ತನ್ನ ಮಕ್ಕಳನ್ನು ಮಾತ್ರ ಯಾರಿಗೂ ಹೆದರಿ ಟ್ರಂಕಿನ ಹಿಂದೆ ಬಚ್ಚಿಡುವುದಿಲ್ಲ ಅಂತ.

ಆ ಶಪಥಕ್ಕೆ ಸಂಚಕಾರ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಫೋನಿನಲ್ಲಿ. ಮಾಡಿದವರು ಮನೆಯ ಒಡತಿ, ಕಟ್ಟಡದವರೆಲ್ಲ ಓನರಮ್ಮ ಎಂದು ಕರೆಯುವ ನಿವೃತ್ತ ಹೆಡ್‌ಮಿಸ್ಸು.

"ಸಂಜೆ ಬರ್ತೀನಪ್ಪ. ಯಾವ ಮನೇಲಿ ಎಷ್ಟು ಜನ ಇದ್ದಾರೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು" ಎಂದು ಹೇಳಿ ಇಟ್ಟುಬಿಟ್ಟರು. ಗಡಿಯಾರದಣ್ಣನ ಬಾಯಲ್ಲಿದ್ದ ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಉಳಿಯಿತು.

ಅವನು ಸುಳ್ಳು ಹೇಳಿದವನೇನಲ್ಲ. ಈ ಮನೆಗೆ ಬಂದಾಗ ಒಂದೇ ಮಗು ಅಂದಿದ್ದ, ಆಗ ಇದ್ದದ್ದೂ ಒಂದೇ. ಅವಳಿ ಹುಟ್ಟಿದ್ದು ಆಮೇಲೆ. ಗಂಡಿನ ಹೆಸರು ಏನೇ ಇರಲಿ, ಎಲ್ಲರ ಬಾಯಲ್ಲಿ ಬುಗುರಿ, ಯಾಕೆಂದರೆ ಅವನು ನಿಂತದ್ದನ್ನು ಯಾರೂ ನೋಡಿಲ್ಲ. ಹೆಣ್ಣು ಗುಬ್ಬಿ. ಬಾಡಿಗೆ ಕೊಡಲು ಹೋದಾಗಲೆಲ್ಲ ಓನರಮ್ಮ "ಮಗು ಚೆನ್ನಾಗಿದೆಯಾ?" ಎಂದು ಕೇಳುವರು, ಇವನು "ಚೆನ್ನಾಗಿದೆ ಅಮ್ಮ" ಅನ್ನುವನು. ನಿಜವೇ. ಮೂರರಲ್ಲಿ ಒಂದು ಪಾಲು ನಿಜ. ಮಕ್ಕಳ ಸಂಖ್ಯೆ ಕೇಳಿ ಬಾಗಿಲು ಹಾಕಿಕೊಂಡ ಮನೆಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಈ ಮನೆ ಕೈಬಿಟ್ಟರೆ ಹಾಸಿಗೆ ಸುತ್ತಿಕೊಂಡು ಹೋಗಲು ಇನ್ನೊಂದು ಜಾಗವಿರಲಿಲ್ಲ.

ಮನೆಯೆಂದರೆ ಒಂದು ಕೋಣೆ, ಇಬ್ಬರು ನಿಂತರೆ ಒಬ್ಬರು ಒಲೆಯ ಮೇಲೆ ಕೂರಬೇಕಾದಂಥ ಅಡುಗೆಮನೆ, ಒಂದು ಬಚ್ಚಲು. ಗಡಿಯಾರ ರಿಪೇರಿ ಮಾಡುವ ಕೈ ಅದನ್ನು ಗಡಿಯಾರದ ಒಳಭಾಗದ ಹಾಗೆಯೇ ಜೋಡಿಸಿತ್ತು, ಒಂದು ಚಕ್ರ ಅಲುಗದೆ ಇನ್ನೊಂದು ಅಲುಗದು. ಕುರ್ಚಿ ಮಂಚದ ಮೇಲೆ ಹತ್ತಿದರೆ ಊಟದ ಮೇಜು ಗೋಡೆಯಿಂದ ಕೆಳಗಿಳಿಯುವುದು. ಮೇಜು ಇಳಿದರೆ ಬಚ್ಚಲಿನ ಬಾಗಿಲು ತೆರೆಯದು, ಆದ್ದರಿಂದ ಊಟಕ್ಕೆ ಮುಂಚೆ ಎಲ್ಲರೂ ಹೋಗಿ ಬರಬೇಕು. ದೊಡ್ಡವಳು ಪೆಟ್ಟಿಗೆಯ ಮೇಲೆ ಮಲಗುವಳು. ಅವಳಿಗಳಿಗೆ ಅವನು ಪುಸ್ತಕದ ಶೆಲ್ಫಿಗೆ ಅಡ್ಡಪಟ್ಟಿ ಬಡಿದು, ರೈಲಿನ ಬರ್ತಿನ ಹಾಗೆ ಕೆಳಗೊಂದು ಮೇಲೊಂದು ಹಾಸಿಗೆ ಮಾಡಿದ್ದ. ಆಟಿಕೆಗಳೆಲ್ಲ ಒಂದು ದೊಡ್ಡ ಬುಟ್ಟಿಯಲ್ಲಿ. ಆ ಬುಟ್ಟಿ ರಾಟೆಯ ಹಗ್ಗ ಎಳೆದರೆ ಛಾವಣಿಗೆ ಏರುತ್ತಿತ್ತು.

"ಈ ಶೆಲ್ಫನ್ನ ನೋಡಿದ್ರೆ ಕಥೆ ಮುಗೀತು ರೀ" ಎಂದಳು ಹೆಂಡತಿ.

ಅಷ್ಟರಲ್ಲಿ ಎದುರು ಮನೆಯ ಬಸ್ ಕಂಡಕ್ಟರು ಬಾಗಿಲಲ್ಲಿ ನಿಂತಿದ್ದ. ಗೋಡೆ ತೆಳು, ಆದ್ದರಿಂದ ಆ ಅಂತಸ್ತಿನಲ್ಲಿ ಒಬ್ಬರ ಫೋನು ಇಬ್ಬರಿಗೂ ಬರುತ್ತಿತ್ತು. ಅವನಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಅಳತೆಗೆ ಇದೇ ಮನೆ. ಆದರೆ ಜೀವಮಾನವಿಡೀ "ಒಳಗೆ ಹೋಗಿ, ಜಾಗ ಇದೆ" ಎಂದು ಕೂಗಿದವನಿಗೆ ಜಾಗ ಇಲ್ಲ ಅನ್ನುವ ಮಾತು ನಾಲಿಗೆಗೆ ಬರುವುದೇ ಇಲ್ಲ.

"ಶೆಲ್ಫು, ಅವಳಿ, ಎರಡನ್ನೂ ನಮ್ಮನೆಗೆ ಹತ್ತಿಸಿ ಅಣ್ಣ. ನಮ್ಮದು ಇಬ್ಬರು ಅಂತ ಓನರಮ್ಮನಿಗೆ ಗೊತ್ತೋ ಇಲ್ವೋ ದೇವರೇ ಬಲ್ಲ. ಕೇಳಿದ್ರೆ ಏನೋ ಒಂದು ಹೇಳಿದ್ರಾಯ್ತು."

ಹೀಗೆ ಶೆಲ್ಫಿನ ಪ್ರಯಾಣ ಶುರುವಾಯಿತು. ಎರಡು ಬಾಗಿಲ ನಡುವೆ ಇದ್ದದ್ದು ನಾಲ್ಕು ಹೆಜ್ಜೆ ಅಷ್ಟೆ. ಆದರೆ ಶೆಲ್ಫು ಇವರ ಬಾಗಿಲು ದಾಟಿ, ಅವರ ಬಾಗಿಲು ಮುಟ್ಟುವ ಮೊದಲು, ಮೆಟ್ಟಿಲಿನ ಕಂಬಿಗೂ ಗೋಡೆಗೂ ನಡುವೆ ಗಂಟಲಲ್ಲಿ ಸಿಕ್ಕ ತುತ್ತಿನ ಹಾಗೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ಹಾಲು ತರಲು ಹೊರಟವರು ಮೇಲಿನ ಗದ್ದಲ ಕೇಳಿ ಹತ್ತಿ ಬಂದರು. ಮೇಷ್ಟ್ರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ, ಶೆಲ್ಫಿನ ಕೋನ ಅಳೆದರು. ಎಡಕ್ಕೆ ಅಂದರು, ಬಲಕ್ಕೆ ಅಂದರು, ಎರಡನ್ನೂ ಅಳಿಸಿ ಹೊಸದಾಗಿ ಶುರುಮಾಡಿ ಅಂದರು.

"ಅಲ್ಲ, ಮಕ್ಕಳು ಮಲಗೋ ಶೆಲ್ಫನ್ನ ಇವತ್ತೇ ಯಾಕೆ ಸಾಗಿಸ್ತಿದ್ದೀರಿ? ನಾನು ಓನರಮ್ಮನ ಹತ್ತಿರ ಒಂದು ಮಾತು..."

"ಮಾತು ಆಮೇಲೆ ಮೇಷ್ಟ್ರೇ" ಎಂದ ಗಡಿಯಾರದಣ್ಣ, ಶೆಲ್ಫಿನ ಅಡಿಯಿಂದ. "ಈಗ ಸ್ವಲ್ಪ ನನ್ನ ಕಾಲು ಬಿಡಿಸಿ."

ಮೇಷ್ಟ್ರು ಕಾಲು ಬಿಡಿಸಿದರು. ಮಾತು ಹಾಗೇ ಉಳಿಯಿತು. ಹಾಲಿನಂಗಡಿ ಮುಚ್ಚುತ್ತದೆಂದು ಅವರು ಇಳಿದೇ ಹೋದರು.

ಸಂಜೆಯ ಹೊತ್ತಿಗೆ ಅವಳಿಗಳು, ಅವರ ಚಡ್ಡಿ, ಹಾಲಿನ ಬಾಟಲಿ, ಶೆಲ್ಫು, ಎಲ್ಲ ಎದುರು ಮನೆ ಸೇರಿದವು. ಸಾಗಿಸದೆ ಉಳಿದದ್ದನ್ನೆಲ್ಲ ಬುಟ್ಟಿಗೆ ತುರುಕಿ ಛಾವಣಿಗೆ ಏರಿಸಿದ್ದಾಯಿತು. ಗಂಡ ಹೆಂಡತಿ ಕೋಣೆಯ ನಡುವೆ ನಿಂತು ನೋಡಿದರು. ನೆಲ ಕಾಣುತ್ತಿತ್ತು. ಅದರ ಬಣ್ಣವೇ ಇಬ್ಬರಿಗೂ ಮರೆತುಹೋಗಿತ್ತು.

"ಎಷ್ಟು ದೊಡ್ಡ ಮನೆ ಅಲ್ವಾ ನಮ್ಮದು" ಎಂದಳು ಹೆಂಡತಿ. ಆ ಮಾತು ಗೋಡೆಗೆ ತಾಗಿ ಮರುಕಳಿಸಿತು. ಅದು ಯಾಕೋ ಇಬ್ಬರಿಗೂ ಹಿತವಾಗಲಿಲ್ಲ.

ಕರೆಗಂಟೆ ಮೊಳಗಿತು. ಅದೇ ಗಳಿಗೆಗೆ, ಭಾರ ತಡೆಯಲಾರದೆ, ಹಗ್ಗ ಕಟ್ಟಿದ್ದ ಕೊಕ್ಕೆ ಗೋಡೆಯಿಂದ ಕಿತ್ತು ಬಂತು. ಗಡಿಯಾರದಣ್ಣ ಹಾರಿ ಹಗ್ಗ ಹಿಡಿದ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಹಿಂದೆ ಮಾಡಿ, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ನಿಂತುಕೊಂಡ. ಹೆಂಡತಿ ಬಾಗಿಲು ತೆರೆದಳು.

ಓನರಮ್ಮನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ದೊಡ್ಡ ಊಟದ ಕ್ಯಾರಿಯರು. ಅದರಿಂದ ಹುರಿದ ಈರುಳ್ಳಿಯ ಘಮ ಕೋಣೆಯಿಡೀ ಹರಡಿತು. ಕುತ್ತಿಗೆ ನೋವಿಗೆಂದು ಅವರು ಗಟ್ಟಿ ಪಟ್ಟಿ ಹಾಕಿಕೊಂಡಿದ್ದರು, ತಲೆ ಮೇಲೆತ್ತುವಂತಿರಲಿಲ್ಲ. ಗಡಿಯಾರದಣ್ಣನ ಪುಣ್ಯ ಇದ್ದದ್ದು ಆ ಪಟ್ಟಿಯಲ್ಲಿ. ಅವರು ನೇರ ಹೋಗಿ ಬುಟ್ಟಿಯ ಅಡಿಯ ಕುರ್ಚಿಯಲ್ಲೇ ಕೂತರು.

"ಇದನ್ನ ಹಿಡ್ಕೋಪ್ಪ" ಎಂದು ಕೊಡೆ ಚಾಚಿದರು. ಅವನು ಒಂದು ಕೈ ತೆಗೆದ. ಬುಟ್ಟಿ ಸರ್ರನೆ ಒಂದು ಮೊಳ ಇಳಿಯಿತು. ಕೈ ಹಿಂದಕ್ಕೆ ಹೋಯಿತು, ಬುಟ್ಟಿ ಮೇಲಕ್ಕೆ ಹೋಯಿತು.

"ಬೆನ್ನು ನೋವಾ?"

"ಹೌದಮ್ಮ" ಎಂದ ಅವನು, ಬೆವರುತ್ತ. ಅಷ್ಟು ಹೊತ್ತಿಗೆ ಅದು ನಿಜವೂ ಆಗಿತ್ತು.

ಬುಟ್ಟಿ ಕುಲುಕಿದ್ದಕ್ಕೆ ಒಳಗಿದ್ದ ತಗಡಿನ ಮೊಲ ಎಚ್ಚೆತ್ತು ಡೋಲು ಬಾರಿಸತೊಡಗಿತು. ಕೆಟ್ಟಿದ್ದ ಅದನ್ನು ಅವನೇ ರಿಪೇರಿ ಮಾಡಿದ್ದ, ಎಷ್ಟು ಚೆನ್ನಾಗಿ ಅಂದರೆ ಒಮ್ಮೆ ಶುರುವಾದರೆ ನಿಲ್ಲುತ್ತಿರಲಿಲ್ಲ. ಏನು ಸದ್ದು ಅಂತ ಓನರಮ್ಮ ಕೇಳಿದರು. ಅಂಗಡಿಯಿಂದ ತಂದ ಗಡಿಯಾರ, ಸ್ವಲ್ಪ ಜೋರಾಗಿ ನಡೆಯುತ್ತೆ ಎಂದು ಹೆಂಡತಿ ವಿವರಿಸಿದಳು.

ಓನರಮ್ಮ ದೊಡ್ಡವಳನ್ನು ಹತ್ತಿರ ಕರೆದರು. ಅವಳಿಗೆ ಬೆಳಗಿನಿಂದ ಒಂದೇ ಪಾಠ ಹೇಳಿಕೊಟ್ಟಿದ್ದರು. ಆದರೆ ಆ ಮಗುವಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಮನೇಲಿ ನೀನೊಬ್ಬಳೇನಾ ಪುಟ್ಟಿ?"

ಮಗು ಅಪ್ಪನನ್ನು ನೋಡಿತು, ಅಮ್ಮನನ್ನು ನೋಡಿತು, ತುಂಬ ಯೋಚಿಸಿತು. "ಇವತ್ತು ನಾನೊಬ್ಬಳೇ" ಅಂದಿತು.

ಗಡಿಯಾರದಣ್ಣನ ಹೃದಯ ಒಂದು ಟಿಕ್ ತಪ್ಪಿಸಿತು. ಓನರಮ್ಮ ನಕ್ಕು ಮಗುವಿನ ಕೆನ್ನೆ ಸವರಿದರು. ಅಷ್ಟರಲ್ಲಿ ಎದುರು ಮನೆಯಿಂದ ಬುಗುರಿಯ ಆಲಾಪ ಎದ್ದಿತು, ಅದಕ್ಕೆ ಗುಬ್ಬಿಯ ಸಾಥು.

"ಓಹೋ, ಅಲ್ಲಿ ಮಕ್ಕಳು ತುಂಬಾನಾ? ಶೆಲ್ಫಿನಲ್ಲಿ ಮಲಗೋ ಮಕ್ಕಳು ಅವರೇನಾ?"

ಯಾರು ಚಾಡಿ ಹೇಳಿದರೋ ಎಂದು ಅವನು ತಲೆ ಕೆಡಿಸಿಕೊಂಡ. ಆದರೆ ಬಾಯಿ ತಲೆಗಿಂತ ಚುರುಕಾಗಿತ್ತು. "ಅವರೇ ಅಮ್ಮ, ಅವರೇ. ನಾಲ್ಕು ಮಕ್ಕಳು, ಪಾಪ. ಉಸಿರಾಡೋಕೂ ಜಾಗ ಇಲ್ಲ."

"ಹಾಗಾದ್ರೆ ನಾನು ನೋಡಬೇಕಾದ್ದು ಅವರನ್ನೇ" ಎಂದು ಓನರಮ್ಮ ಎದ್ದರು. ಕೊಡೆ ತೆಗೆದುಕೊಂಡರು, ಕ್ಯಾರಿಯರು ತೆಗೆದುಕೊಂಡರು. ಈರುಳ್ಳಿಯ ಘಮವೂ ಅವರ ಬೆನ್ನ ಹಿಂದೆಯೇ ಹೊರಟುಹೋಯಿತು.

ಬಾಗಿಲು ಮುಚ್ಚಿದ ಮೇಲೆ ಗಡಿಯಾರದಣ್ಣನಿಗೆ ತಾನು ಮಾಡಿದ್ದು ಅರ್ಥವಾಯಿತು. ತನ್ನ ಮನೆ ಉಳಿಸಿಕೊಳ್ಳಲು ಕಂಡಕ್ಟರನ ಮನೆಗೆ ಕೊಳ್ಳಿ ಇಟ್ಟಿದ್ದ. ಮನೆ ಖಾಲಿ ಮಾಡಿ ಅಂತ ಅವನಿಗೆ ಹೇಳಿದರೆ? ಅದೂ ತನ್ನ ಮಕ್ಕಳಿಗಾಗಿ, ಒಳಗೆ ಬನ್ನಿ ಜಾಗ ಇದೆ ಎಂದವನಿಗೆ? ಎಲ್ಲಿಂದಲೋ ನುಸಿಗುಳಿಗೆಯ ವಾಸನೆ ಬಂದ ಹಾಗಾಯಿತು.

"ನಾನು ಹೋಗಿ ನಿಜ ಹೇಳಿಬಿಡ್ತೀನಿ ಕಣೆ" ಎಂದ. ಹೆಂಡತಿ ಕಣ್ಣಲ್ಲೇ ಹ್ಞೂಂ ಅಂದಳು. ಅವನು ಹೊರಟ, ಅಂದರೆ ಹಗ್ಗ ಬಿಟ್ಟ.

ಬುಟ್ಟಿ ಬಿದ್ದ ಸದ್ದಿಗೆ ಕೆಳಗೆ ಮೇಷ್ಟ್ರ ಕುಂಚ ಕೈಜಾರಿತಂತೆ. ಚೆಂಡು, ಬೊಂಬೆ, ರೈಲು, ಮರದ ಗಾಲಿ, ಎಲ್ಲ ಪ್ರವಾಹದ ಹಾಗೆ ಹರಿದು ಬಾಗಿಲಿಗೆ ಅಡ್ಡ ಬಿದ್ದವು. ಒಳಕ್ಕೆ ತೆರೆಯುವ ಬಾಗಿಲು, ಎಳೆದರೆ ಬರುತ್ತಿಲ್ಲ. ರಾಶಿಯ ತುದಿಯಲ್ಲಿ ಮೊಲ ಡೋಲು ಬಾರಿಸುತ್ತಲೇ ಇತ್ತು. ಗಂಡ, ಹೆಂಡತಿ, ಮಗಳು ಮೂವರೂ ಮಂಡಿಯೂರಿ ಆಟಿಕೆ ತೋಡತೊಡಗಿದರು. ಮಗಳು ನಗಲು ಶುರುಮಾಡಿದಳು, ಅಮ್ಮನೂ ನಕ್ಕಳು. ಬಾಗಿಲು ಮುಖ ತೂರುವಷ್ಟು ತೆರೆಯುವ ಹೊತ್ತಿಗೆ ಓನರಮ್ಮ ಅಲ್ಲೇ ಎದುರಿಗೆ ನಿಂತಿದ್ದರು. ಕೈಯಲ್ಲಿ ಕ್ಯಾರಿಯರು ಇರಲಿಲ್ಲ. ಮುಖದಲ್ಲಿ ಸಂತೋಷ ಇತ್ತು.

"ನನ್ನ ಕೆಲಸ ಆಯ್ತಪ್ಪ. ಮೇಲಿನ ಮೂರು ಕೋಣೆ ಮನೆ ಖಾಲಿ ಬಿದ್ದಿತ್ತಲ್ಲ. ಈ ಅಂತಸ್ತಿನ ಒಂದು ಮನೇಲಿ ಮಕ್ಕಳನ್ನ ಶೆಲ್ಫಿನಲ್ಲಿ ಮಲಗಿಸ್ತಾರೆ, ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ ಅಂತ ಮೇಷ್ಟ್ರು ಫೋನ್ ಮಾಡಿದ್ರು. ಹೆಸರು ಕೇಳಿದ್ರೆ ಹೇಳಲಿಲ್ಲ, ಪಾಪ, ಅವರಿಗೆ ಸಂಕೋಚ ಆಗುತ್ತೆ ಅಂದ್ರು. ಅವರಿಗೇ ಆ ಮನೆ ಕೊಡೋಣ, ಬಾಡಿಗೆ ಈಗಿನಷ್ಟೇ ಸಾಕು ಅಂತ ಬಂದೆ. ಕೀಲಿ ಕೊಟ್ಟೆ. ಆ ಹುಡುಗಿ ಅಳೋಕೇ ಶುರುಮಾಡಿದಳು."

ಗಡಿಯಾರದಣ್ಣ ಸಂದಿಯಲ್ಲಿ ಮುಖವನ್ನು ಇನ್ನಷ್ಟು ತೂರಿಸಿದ.

"ಅಮ್ಮ, ನಿಜ ಹೇಳ್ಬೇಕು ಅಂದ್ರೆ..."

"ನಿನಗೂ ಆಸೆ ಇರುತ್ತೆ, ಗೊತ್ತು. ಆದ್ರೆ ಒಂದು ಮಗುಗೆ ಇಷ್ಟು ದೊಡ್ಡ ಮನೆ ಇದೆ. ನಿನ್ನ ಬೆನ್ನಿಗೆ ಇನ್ನೊಂದು ಮಹಡಿ ಮೆಟ್ಟಿಲೂ ಆಗಲ್ಲ." ಸಂದಿಯಿಂದ ನೆಲದ ಮೇಲಿನ ರಾಶಿ ಅವರ ಕಣ್ಣಿಗೆ ಬಿತ್ತು. "ಅಲ್ಲಪ್ಪ, ಒಂದೇ ಮಗುಗೆ ಇಷ್ಟೊಂದು ಆಟಿಕೆನಾ? ಅಲ್ಲಿ ನಾಲ್ಕು ಮಕ್ಕಳು ಒಂದು ಚೆಂಡಿಗೆ ಕಿತ್ತಾಡ್ತಿದ್ವು. ಅರ್ಧ ಅವರಿಗೆ ಕೊಡಬಾರದಾ?"

ಅವರ ಭುಜದಾಚೆ ಎದುರು ಮನೆಯ ಬಾಗಿಲು ಕಾಣುತ್ತಿತ್ತು. ಕಂಡಕ್ಟರನ ಹೆಂಡತಿ ಕೀಲಿಯನ್ನು ಸೆರಗಿನ ತುದಿಯಲ್ಲಿ ಒರೆಸುತ್ತ ನಿಂತಿದ್ದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಸೊಂಟದ ಮೇಲೆ ಗುಬ್ಬಿ. ಕಾಲ ಸುತ್ತ ತಿರುಗುತ್ತಿದ್ದ ಬುಗುರಿ. ಗಡಿಯಾರದಣ್ಣ ನಾಲಿಗೆಯ ತುದಿಗೆ ಬಂದ ಮಾತನ್ನು ಬಿಸ್ಕತ್ತಿನ ಹಾಗೆ ಸದ್ದಿಲ್ಲದೆ ನುಂಗಿದ.

"ಏನಿಲ್ಲ ಅಮ್ಮ. ಆಟಿಕೆ ಕೊಡ್ತೀನಿ. ನಿಧಾನಕ್ಕೆ ಇಳೀರಿ."

ಅವರು ಇಳಿದು ಹೋದ ಮೇಲೆ ಕಂಡಕ್ಟರು ಬಂದ. ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ. ಮಕ್ಕಳು ಯಾರದು ಅಂತ ಅವರು ಕೇಳಿದರಂತೆ. ಗಾಬರಿಯಲ್ಲಿ ಕಂಡಕ್ಟರನ ಹೆಂಡತಿ ಎಲ್ಲ ನಮ್ಮದೇ ಅಂದುಬಿಟ್ಟಳಂತೆ. ಇನ್ನು ಮೇಲೆ ತಿಂಗಳಿಗೊಮ್ಮೆ ಬಂದು ನಾಲ್ಕು ಮಕ್ಕಳನ್ನೂ ನೋಡಿಕೊಂಡು ಹೋಗುತ್ತೇನೆ ಅಂತ ಓನರಮ್ಮ ಮಾತು ಕೊಟ್ಟಿದ್ದರಂತೆ.

"ಈಗಲೇ ಓಡಿಹೋಗಿ ಅವರಿಗೆ ನಿಜ ಹೇಳ್ತೀನಿ ಅಣ್ಣ. ಆ ಮನೆ ನಿಮ್ಮದು."

"ಟಿಕೆಟ್ ಹರಿದು ಕೊಟ್ಟ ಮೇಲೆ ವಾಪಸ್ ತಗೋಳ್ತೀರಾ ಕಂಡಕ್ಟ್ರೇ?"

ಕಂಡಕ್ಟರು ಕಾಲಬಳಿ ಬಿದ್ದಿದ್ದ ಚೆಂಡನ್ನು ಎತ್ತಿ ದೊಡ್ಡವಳ ಕೈಗಿಟ್ಟ. "ಇನ್ಮೇಲೆ ನಿಮ್ಮ ಮೂರು ಮಕ್ಕಳೂ ಮೇಲೇ ಆಡಲಿ. ಮಲಗೋ ಹೊತ್ತಿಗೆ ಇಳಿಸಿಕೊಳ್ಳಿ. ಒಳಗೆ ಜಾಗ ಇದೆ" ಎಂದ. ಹೊಸ ಮಾತು ಅವನಿಗೆ ಹೊಳೆಯಲೇ ಇಲ್ಲ.

ಮತ್ತೆ ಶೆಲ್ಫು ಹೊರಟಿತು. ಈ ಸಲ ಮೇಷ್ಟ್ರು ಕೋನ ಅಳೆಯಲಿಲ್ಲ. ವಿಷಯ ತಿಳಿದು ತಲೆ ತಗ್ಗಿಸಿ, ಭುಜ ಕೊಟ್ಟು, ಒಂದೇ ಏಟಿಗೆ ದಾಟಿಸಿದರು. ಬುಗುರಿ ಕೆಳಬರ್ತು ಹತ್ತಿದ, ಗುಬ್ಬಿ ಮೇಲ್ಬರ್ತು. ಕುರ್ಚಿ ಮಂಚದ ಮೇಲೇರಿತು, ಮೇಜು ಗೋಡೆಯಿಂದ ಇಳಿಯಿತು, ನೆಲ ಕಣ್ಮರೆಯಾಯಿತು. ಗಡಿಯಾರದಣ್ಣ ಬೆನ್ನು ಹಿಡಿದುಕೊಂಡು ಸುತ್ತ ನೋಡಿದ. ಕೋಣೆಯಲ್ಲಿ ಮಾತು ಮರುಕಳಿಸುತ್ತಿರಲಿಲ್ಲ. ಮರುಕಳಿಸಲು ಅದಕ್ಕೂ ಜಾಗವಿರಲಿಲ್ಲ.

ದೊಡ್ಡವಳು ಮೂವರನ್ನೂ ಬೆರಳು ಮಡಚಿ ಎಣಿಸಿ, ಸಮಾಧಾನದಿಂದ ಪೆಟ್ಟಿಗೆಯ ಮೇಲೆ ಕೂತಳು. ಒಲೆ ಹಚ್ಚುವುದನ್ನೇ ಆ ದಿನ ಎಲ್ಲರೂ ಮರೆತಿದ್ದರು.

ಬಾಗಿಲ ಹತ್ತಿರ ಬಳೆಯ ಸದ್ದಾಯಿತು. ಕಂಡಕ್ಟರನ ಹೆಂಡತಿ ನಿಂತಿದ್ದಳು, ಕೈಯಲ್ಲಿ ಓನರಮ್ಮ ತಂದಿದ್ದ ಕ್ಯಾರಿಯರು. ಮುಚ್ಚಳ ತೆರೆದೇ ಇರಲಿಲ್ಲ. ಹುರಿದ ಈರುಳ್ಳಿಯ ಘಮ ಅವಳಿಗಿಂತ ಮುಂಚೆಯೇ ಒಳಗೆ ಬಂದಿತ್ತು.

"ಶೆಲ್ಫಿನಲ್ಲಿ ಮಲಗೋ ಮಕ್ಕಳಿಗೆ ಅಂತ ತಂದಿದ್ರು" ಎಂದಷ್ಟೇ ಹೇಳಿ ಅವಳು ಕ್ಯಾರಿಯರು ಚಾಚಿದಳು. ಗಡಿಯಾರದಣ್ಣ ಈ ಸಲ ಎರಡೂ ಕೈ ಮುಂದೆ ಮಾಡಿದ.