ಕೊಂಡುಕುರಿಯ ಕೊಂಬು

ಐವತ್ತರ ದಶಕದಲ್ಲಿ ನಾನು ಧಾರವಾಡದಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಬಂದು, ಕಾಂದಿವಲಿಯಾಚೆಯ ಕಾಡಿನಲ್ಲಿ ಅರಣ್ಯ ಇಲಾಖೆಯ ಒಂದು ಪುಟ್ಟ ಆಫೀಸಿನಲ್ಲಿ ಕಾರಕೂನನಾಗಿದ್ದೆ. ಅಲ್ಲಿ ದಿನಾ ಏನಾದರೊಂದು ನಡೆಯುತ್ತಿತ್ತು. ನಕ್ಕು ನಕ್ಕು ಸಾಕಾಗಿ ಕಡೆಗೆ ಅಳುವುದೊಂದೇ ಬಾಕಿ ಇರುತ್ತಿತ್ತು.

ಎಲ್ಲದರಲ್ಲೂ ಸಿಕ್ಕಿಬೀಳುತ್ತಿದ್ದವರು ನಮ್ಮ ಗಾರ್ಡ್ ಮಾಮಾ, ಬೆಳಗಾವಿ ಕಡೆಯ ಹಿರಿಯರು. ಅವರ ಜೀವವೆಲ್ಲ ಹಳ್ಳದ ಬದಿಯ ತೋಪಿನಲ್ಲಿದ್ದ ಒಂದು ತಾಯಿ ಕೊಂಡುಕುರಿ, ಅದರ ಮರಿಯ ಮೇಲೆ. ಹೆಸರಿಗೆ ಕುರಿ, ನೋಡಲು ಜಿಂಕೆಯ ಹಾಗೆ; ನಮ್ಮ ದೇಶದ ಆಸುಪಾಸು ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ ಅದು. ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ಗಂಡನ್ನು ಯಾರೋ ಹೊಡೆದು ತಿಂದಿದ್ದರು.

೧. ಕಾಣೆಯಾದ ಕೊಂಬು

ಮೇಲಿನ ಆಫೀಸಿನ ಸಾಹೇಬರು ತಪಾಸಣೆಗೆ ಬಂದರು. ಮಾಮಾ ಅವರನ್ನು ಪೊದೆಯ ಹಿಂದೆ ಕೂರಿಸಿ, ಎರಡು ತಾಸು ಕಾಯಿಸಿ, ತಾಯಿಯನ್ನು ತೋರಿಸಿದರು.

"ಕೊಂಬೆಲ್ಲಿ? ಪುಸ್ತಕದಲ್ಲಿ ನಾಲ್ಕು ಅಂತಿದೆ," ಅಂದರು ಸಾಹೇಬರು.

"ಹೆಣ್ಣಿಗೆ ಇರೂದಿಲ್ರಿ ಸಾಹೇಬ್ರ."

"ಪುಸ್ತಕದಲ್ಲಿ ಹಾಗೆ ಬರೆದಿಲ್ಲ."

ಎಂಟು ದಿನಕ್ಕೆ ಮಾಮಾಗೆ ನೋಟೀಸು ಬಂತು. ನಿಮ್ಮ ಸುಪರ್ದಿಯಲ್ಲಿದ್ದ ಪ್ರಾಣಿಯ ನಾಲ್ಕು ಕೊಂಬುಗಳು ಕಾಣೆಯಾಗಿದ್ದು, ಕೂಡಲೇ ಸಮಜಾಯಿಷಿ ಕೊಡತಕ್ಕದ್ದು. ಮಾಮಾಗೆ ಓದುಬರಹ ಬಾರದು. ನನ್ನ ಕೈಯಲ್ಲಿ ಬರೆಸಿ ಹೆಬ್ಬೆಟ್ಟೊತ್ತಿದರು: "ಹುಟ್ಟಿದಾಗಿಂದ ಇಲ್ಲ. ನಾ ಕದ್ದಿಲ್ಲ."

೨. ಚಿಗುರಿದ ಸೌದೆ

ದಾದರಿನಲ್ಲಿ ಹೋಟೆಲು ಇಟ್ಟಿದ್ದ ಉಡುಪಿಯ ಯಜಮಾನರೊಬ್ಬರು ಒಣಮರ ಕಡಿಯಲು ಪರವಾನಗಿ ತಂದರು. ಆಗ ಏಪ್ರಿಲ್. ಆ ಕಾಡಿನ ಮರಗಳು ಬೇಸಿಗೆಯಲ್ಲಿ ಒಂದೆಲೆಯನ್ನೂ ಉಳಿಸಿಕೊಳ್ಳುವುದಿಲ್ಲ.

"ಎಂಥದು ಮಾರಾಯ್ರೆ, ಇಡೀ ಕಾಡೇ ಸತ್ತಿದೆಯಲ್ಲ!"

"ಸತ್ತಿಲ್ರಿ, ಮಳಿ ದಾರಿ ನೋಡಾಕತ್ತಾವ," ಅಂದರು ಮಾಮಾ. "ಜೂನ್ ತನಕ ತಡೀರಿ."

"ಜೂನ್ ತನಕ ಇಡ್ಲಿ ಯಾವುದರಲ್ಲಿ ಬೇಯಿಸುವುದು?"

ಪರವಾನಗಿ ಕೈಯಲ್ಲಿತ್ತು, ಕಡಿಸಿದರು. ಕೊಡಲಿಯ ಸದ್ದು ಕೇಳಲಾಗದೆ ಮಾಮಾ ಆಫೀಸಿನೊಳಗೆ ಬಂದು ಬಾಗಿಲು ಹಾಕಿಕೊಂಡು ಕೂತರು.

ಮೊದಲ ಮಳೆ ಬಿದ್ದ ವಾರಕ್ಕೆ ಯಜಮಾನರು ಕೊಡೆ ಹಿಡಿದು ಜಗಳಕ್ಕೆ ಬಂದರು. "ಮೋಸ ಮಾರಾಯ್ರೆ! ಹಿತ್ತಲಲ್ಲಿ ನಿಮ್ಮ ಸೌದೆ ಚಿಗುರಿ ಕೂತಿದೆ. ಒಲೆಗಿಟ್ಟರೆ ಬರೀ ಹೊಗೆ. ಗಿರಾಕಿಗಳು ಅಳ್ತಾ ಇಡ್ಲಿ ತಿನ್ತಾರೆ!"

"ಅವರಾದ್ರೂ ಅಳ್ಲಿ ಬಿಡ್ರಿ," ಅಂದರು ಮಾಮಾ.

೩. ಬಂಗಾರ

ಇನ್ನು ಉಳಿದದ್ದು ಹಳ್ಳದ ಬದಿಯ ತೋಪು. ತಾಯಿ-ಮರಿಗೆ ಅಡಗಲು ಅದು ಬಿಟ್ಟರೆ ಮರೆಯಿರಲಿಲ್ಲ. ಆದರೆ ಅಲ್ಲಿದ್ದವು ಆಪ್ಟಾ ಮರಗಳು. ದಸರೆಗೆ ನಮ್ಮ ಕಡೆ ಬನ್ನಿ ಕೊಡುವ ಹಾಗೆ ಮುಂಬಯಿಯಲ್ಲಿ ಆಪ್ಟಾ ಎಲೆಯನ್ನೇ ಬಂಗಾರವೆಂದು ಹಂಚುತ್ತಾರೆ. ಮಾಮಾ ಒಂದೊಂದು ಮರದ ಒಂದು ರೆಂಬೆಗೆ ಗುರುತಿಗೆ ಕೆಂಪು ಚಿಂದಿ ಕಟ್ಟಿ, ಹಬ್ಬದ ಹಿಂದಿನ ದಿನವೆಲ್ಲ ಕೋಲು ಹಿಡಿದು ಕಾಲುದಾರಿ ಕಾದರು. ಚೀಲ ಹಿಡಿದು ಬಂದವರನ್ನೆಲ್ಲ ಅಟ್ಟಿದರು.

"ಈ ವರ್ಷ ಗೆದ್ದೆ ನೋಡೋ ತಮ್ಮಾ," ಅಂದರು.

ಹಬ್ಬದ ಸಂಜೆ ನಾನು ದಾದರ್ ಮಾರ್ಕೆಟ್ಟಿನಿಂದ ಎಲೆಯ ಕಟ್ಟು ತಂದು, ಅವರ ಚಾಳಿನ ವಠಾರಕ್ಕೆ ಹೋಗಿ ಕಾಲಿಗೆರಗಿದೆ. "ಬಂಗಾರ ತಗೋರಿ ಮಾಮಾ."

ಹಿರಿಯರಿಗೆ ಮೊದಲು ಕೊಡಬೇಕೆಂದು ಚಾಳಿನವರೆಲ್ಲ ಅಲ್ಲಿ ಸಾಲು ನಿಂತಿದ್ದರು. ಆ ದಿನ ಬೇಡ ಅನ್ನುವಂತಿಲ್ಲ. "ಬಂಗಾರದಾಂಗ ಇರ್ರಿ" ಎಂದು ಹರಸುತ್ತ ಮಾಮಾ ಎಲೆಗಳ ರಾಶಿಯ ನಡುವೆ ಕೂತಿದ್ದರು. ನನ್ನ ಕಟ್ಟು ಕೈಗೆ ಬಂದಾಗ ಅದನ್ನು ತಿರುವಿ ನೋಡಿದರು. ಅದರ ಒಂದು ರೆಂಬೆಯಲ್ಲಿ ಕೆಂಪು ಚಿಂದಿ ಇತ್ತು.

ಮಾಮಾ ಈಚೆ ದಾರಿ ಕಾಯುತ್ತಿದ್ದಾಗ ಕಳ್ಳರು ಹಳ್ಳ ದಾಟಿ ಆಚೆಯಿಂದ ತೋಪನ್ನೇ ಬೋಳಿಸಿದ್ದರು. ತಾಯಿಯೂ ಮರಿಯೂ ಮತ್ತೆ ಕಾಣಲಿಲ್ಲ. ಆ ಎಲೆಯನ್ನು ನನ್ನ ಕೈಯಾರೆ ಅವರಿಗೆ ಕೊಟ್ಟೆನಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಎರಡೂ ಕಾಣೆಯೆಂದು ಮೇಲಿನ ಆಫೀಸಿಗೆ ವರದಿ ಕಳಿಸಿದೆವು. ಸಮಜಾಯಿಷಿಯನ್ನು ಮಾಮಾ ಮುಂಚಿತವಾಗಿಯೇ ಬಾಯಿಪಾಠ ಮಾಡಿಕೊಂಡರು. ದಿನಾ ಟಪಾಲು ಬಂದೊಡನೆ ನನ್ನ ಮೇಜಿನ ಮುಂದೆ ಬಂದು ನಿಲ್ಲುವರು.

"ನೋಟೀಸು ಬಂತೇನೋ ತಮ್ಮಾ?"

"ಇಲ್ಲ ಮಾಮಾ."

ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಒಂದು ದಿನ ಮಾಮಾ ನನ್ನ ಮುಂದೆ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಇಲ್ಲದ ಕೊಂಬು ಹೋತಂತ ನೋಟೀಸು ಕೊಟ್ರು. ಇದ್ದ ಕುರೀನ ಹೋತು, ಒಬ್ಬರೂ ಕೇಳವಲ್ರಲ್ಲೋ!"